ಬಿಲದ ಬಾಯಲ್ಲಿ ಬೇರೆಯವರ ಪೇಪರು

ಲಮಾರ್ ಹೆಫ್ನರ್ ಬಿಲದ ಬಾಯಿಂದ ಪೇಪರಿನ ಉಂಡೆಯನ್ನು ಹೊರಗೆಳೆದ. ಮೊಣಕಾಲೂರಿ ಕೂತು ಅದನ್ನು ತೊಡೆಯ ಮೇಲೆ ಬಿಡಿಸಿ ಹರಡಿದ. ಮಣ್ಣು ಕೊಡವಿ ಆ ಮಗ್ಗುಲು ಈ ಮಗ್ಗುಲು ತಿರುವಿ ನೋಡಿದ. ಹಾಳೆ ಇಡಿಯಾಗಿತ್ತು. ಎಲ್ಲಿಯೂ ಕತ್ತರಿ ಆಡಿರಲಿಲ್ಲ.

"ಇದು ನಂದಲ್ಲ," ಎಂದ ಗಟ್ಟಿಯಾಗಿ. ಕೇಳಿಸಿಕೊಳ್ಳಲು ಹೊಲದಲ್ಲಿ ಯಾರೂ ಇರಲಿಲ್ಲ.

ಲಮಾರನ ಪೇಪರಿಗೆ ಒಂದು ಗುರುತಿತ್ತು. ಅವನ ಹೆಂಡತಿ ಬ್ಯೂಲಾ ಬೆಳಗಿನ ಕಾಫಿಯ ಜೊತೆ ಕತ್ತರಿ ಹಿಡಿದು ಕೂರುವವಳು. ಸೋಪಿನ ಕೂಪನ್ನು, ಹಿಟ್ಟಿನ ಕೂಪನ್ನು, ಕಡೆಗೆ ಮನೆಯಲ್ಲಿ ಬೆಕ್ಕೇ ಇಲ್ಲದಿದ್ದರೂ ಬೆಕ್ಕಿನ ಆಹಾರದ ಕೂಪನ್ನು, ಎಲ್ಲವನ್ನೂ ಕತ್ತರಿಸಿ ಡಬ್ಬಿಗೆ ಹಾಕಿದ ಮೇಲೆಯೇ ಪೇಪರು ಗಂಡನ ಕೈಗೆ ಬರುತ್ತಿತ್ತು. ಚೌಕ ಚೌಕವಾಗಿ ತೂತು ಬಿದ್ದ ಆ ಹಾಳೆಗಳನ್ನೇ ಅವನು ಬೇಟೆಗೆ ಒಯ್ಯುತ್ತಿದ್ದ.

ಬೇಟೆಗೆ ಪೇಪರು ಯಾಕೆಂದರೆ, ನೆಲಹಂದಿ ಅಷ್ಟು ಪಾಕಡಾ ಪ್ರಾಣಿ. ಹೆಸರಿಗೆ ಹಂದಿ, ನೋಡಲು ಬೆಕ್ಕಿಗಿಂತ ದೊಡ್ಡದಾದ ಕೊಬ್ಬಿದ ಹೆಗ್ಗಣ. ಸಂಜೆ ಬಿಸಿಲು ಇಳಿಯುವಾಗ ಬಿಲದಿಂದ ಹೊರಬಂದು ಸೋಯಾ ಎಲೆಯನ್ನು ಮೇಯುತ್ತದೆ, ನಡುನಡುವೆ ಹಿಂಗಾಲ ಮೇಲೆ ನೆಟ್ಟಗೆ ನಿಂತು ಸುತ್ತ ನೋಡುತ್ತದೆ. ನಿಲ್ಲುವುದು ಬಿಲದ ಬಾಯಲ್ಲೇ. ಹಾಗಾಗಿ ಗುಂಡು ತಾಗಿದರೂ ಒಳಗೇ ಉರುಳುತ್ತದೆ, ತಾಗದಿದ್ದರೂ ಒಳಗೇ ಹಾರುತ್ತದೆ. ದೂರದಿಂದ ಹೊಡೆದವನಿಗೆ ಎರಡೂ ಒಂದೇ ರೀತಿ ಕಾಣುತ್ತದೆ. ಅದಕ್ಕೇ ಆ ಸೀಮೆಯವರು ಹೊಡೆದ ಮೇಲೆ ಬಿಲದ ಬಾಯಿಗೆಲ್ಲ ಪೇಪರು ತುರುಕಿ ಹೋಗುತ್ತಾರೆ. ಮುಂದಿನ ಸಲ ಬಂದಾಗ ಉಂಡೆ ಹೊರಗೆ ಬಿದ್ದಿದ್ದರೆ ಒಳಗಿನದು ಬದುಕಿದೆ. ಇದ್ದಲ್ಲೇ ಇದ್ದರೆ ಅದರ ಕಥೆ ಮುಗಿಯಿತು.

ಈ ವರ್ಷ ಲಮಾರ್ ಹನ್ನೊಂದು ಗುಂಡು ಹಾರಿಸಿದ್ದ. ಹನ್ನೊಂದು ಬಿಲದ ಉಂಡೆಯೂ ಇದ್ದಲ್ಲೇ ಇತ್ತು. ಎಪ್ಪತ್ತಮೂರನೆಯ ವಯಸ್ಸಿನಲ್ಲಿ! ಅವನು ಅದನ್ನು ಬ್ಯೂಲಾಳಿಗೆ ಹೇಳಿದ್ದ, ಕ್ಷೌರದಂಗಡಿಯಲ್ಲಿ ಹೇಳಿದ್ದ, ಭಾನುವಾರ ಚರ್ಚಿನ ಮೆಟ್ಟಿಲ ಮೇಲೆ ಪಾದ್ರಿಯ ಕೈ ಕುಲುಕುತ್ತಾ ಅವರಿಗೂ ಹೇಳಿದ್ದ. ಮೇಲಿನಿಂದ ಬಿಳಿ ಕಂಡರೆ ಸಾಕು, ಮುಂದೆ ಹೋಗುತ್ತಿದ್ದ. ಇವತ್ತು ಬಗ್ಗಿ ನೋಡಿದ್ದು ಉಂಡೆ ತೀರ ಅಚ್ಚುಕಟ್ಟಾಗಿ ಕಂಡದ್ದರಿಂದ. ಹಗ್ಗ ಹೊಸೆದಂತೆ ಬಿಗಿಯಾಗಿ ತಿರುಚಿ ತುರುಕಿದ್ದರು. ಅವನು ಹಾಗೆ ತಿರುಚುವವನಲ್ಲ, ಮುದ್ದೆ ಮಾಡಿ ಬೂಟಿನಲ್ಲಿ ಒದೆಯುವವನು. ಬಿಡಿಸಿ ನೋಡಿದರೆ ರೈತರು ತರಿಸುವ ವಾರಪತ್ರಿಕೆ.

ಉಳಿದ ಬಿಲಗಳಿಗೂ ಹೋಗಿ ನೋಡಿದ. ಹಳೆಯ ಉಂಡೆಗಳು ಮಳೆಗೆ ನೆನೆದು ಹಿಟ್ಟಾಗಿದ್ದವು, ಗುರುತು ಹತ್ತುವಂತಿರಲಿಲ್ಲ. ಅಂತೂ ಒಂದು ಮಾತು ಖಚಿತವಾಯಿತು. ಈ ಹೊಲಕ್ಕೆ ಅವನ ಬೆನ್ನ ಹಿಂದೆ ಇನ್ಯಾರೋ ಬರುತ್ತಿದ್ದಾರೆ.

ಲಮಾರನಿಗೆ ಅನುಮಾನ ಹೊಸದಲ್ಲ. ಅದರಿಂದಲೇ ಅವನು ಅನ್ನ ಉಂಡವನು. ಪಟ್ಟಣದ ಕಾಲುಚೀಲದ ಕಾರ್ಖಾನೆಯಲ್ಲಿ ಮೂವತ್ತೆಂಟು ವರ್ಷ ಅವನ ಕೆಲಸ ಒಂದೇ. ದೀಪದ ಮುಂದೆ ಕೂತು, ಹೆಣೆದು ಬಂದ ಕಾಲುಚೀಲದೊಳಗೆ ಮುಷ್ಟಿ ತೂರಿಸಿ, ಎಳೆದು, ಎಲ್ಲಿ ಎಳೆ ಬಿಟ್ಟಿದೆ ಎಂದು ಹುಡುಕುವುದು. ತಪ್ಪು ಇದ್ದೇ ಇದೆ, ನೀನು ಇನ್ನೂ ಕಂಡಿಲ್ಲ ಅಷ್ಟೇ ಎಂದುಕೊಂಡು ನೋಡಬೇಕು ಎಂಬುದು ಅವನ ಪದ್ಧತಿ. ಅವನ ಕೈ ದಾಟಿ ಹೋದ ಮಾಲು ವಾಪಸು ಬಂದ ದಾಖಲೆಯಿಲ್ಲ. ಕಾರ್ಖಾನೆ ಮುಚ್ಚಿತು, ಕಣ್ಣಿನ ಚಾಳಿ ಉಳಿಯಿತು. ಚರ್ಚಿನಲ್ಲಿ ಆರ್ಗನ್ ನುಡಿಸುವವಳು ಎಷ್ಟು ಸಲ ತಪ್ಪಿದಳು ಎಂದು ಬೆರಳು ಮಡಿಸುತ್ತಿದ್ದ. ಮಗಳ ಮದುವೆಯ ಫೋಟೋ ನೋಡಿ ಅಳಿಯನ ಎರಡು ಕಾಲುಚೀಲ ಒಂದೇ ಜೊತೆಯವಲ್ಲ ಎಂದು ಎಲ್ಲರೆದುರು ತೋರಿಸಿದ್ದ. ಅಳಿಯ ಇವತ್ತಿಗೂ ಆ ಮನೆಯಲ್ಲಿ ಬೂಟು ಬಿಚ್ಚುವುದಿಲ್ಲ.

ಇಂಥವನಿಗೆ ನೆಮ್ಮದಿ ಸಿಗುತ್ತಿದ್ದ ಜಾಗ ಈ ಹೊಲ ಒಂದೇ. ಮೂವತ್ತೊಂದು ವರ್ಷದ ಹಿಂದೆ ಕ್ಲೇಟನ್ ರೋದರ್ಮೆಲ್ ಎಂಬ ರೈತ ಇಲ್ಲಿ ಬೇಟೆಯಾಡಲು ಅವನಿಗೆ ಒಪ್ಪಿಗೆ ಕೊಟ್ಟಿದ್ದ. ಕಾಗದವಿಲ್ಲ, ಪತ್ರವಿಲ್ಲ, ಕೈ ಕುಲುಕಿದ್ದಷ್ಟೇ. ಆದರೆ ಒಂದು ಸಲ ಕುಲುಕಿದರೆ ಮುಗಿಯಲಿಲ್ಲ. ಪ್ರತಿ ಏಪ್ರಿಲ್‌ನಲ್ಲಿ ಹೊಸದಾಗಿ ಹೋಗಿ, ಬಾಗಿಲು ತಟ್ಟಿ, ಹೊಸಬನ ಹಾಗೆ ಕೇಳಬೇಕು. ಹೋದ ವರ್ಷ ಕೊಟ್ಟಿದ್ದರು ಎಂದು ಸೀದಾ ಹೊಲಕ್ಕೆ ಇಳಿಯುವವನನ್ನು ಆ ಕಡೆಯ ಜನ ಮನುಷ್ಯನೆಂದು ಎಣಿಸುವುದಿಲ್ಲ. ಲಮಾರ್ ಹೊಗೆ ಹಾಕಿದ ಸಾಸೇಜಿನ ಒಂದು ಸುರುಳಿ ಹಿಡಿದು ಹೋಗುತ್ತಿದ್ದ, ಕ್ಲೇಟನ್ ಯೋಚಿಸುವವನ ಹಾಗೆ ಆಕಾಶ ನೋಡಿ ಆಮೇಲೆ ಕೈ ಚಾಚುತ್ತಿದ್ದ. ಮಂಗಳವಾರ ಮತ್ತು ಶುಕ್ರವಾರದ ಸಂಜೆ ಲಮಾರನವು ಎಂದಾಯಿತು. ಕ್ಲೇಟನ್ ತೀರಿಕೊಂಡು ಮೂರು ವರ್ಷವಾಗಿತ್ತು. ಈಗ ಬಾಗಿಲು ತೆರೆಯುವವಳು ಅವನ ಹೆಂಡತಿ ವರ್ನಾ.

ಉಳಿದ ಹೊಲಗಳೆಲ್ಲ ಕೈಬಿಟ್ಟಿದ್ದವು. ಒಂದರಲ್ಲಿ ಮನೆಗಳೆದ್ದಿದ್ದವು, ಒಂದನ್ನು ಕ್ಲಬ್ಬಿನವರು ಹಿಡಿದಿದ್ದರು. ಇದೂ ಹೋದರೆ ಮಂಗಳವಾರ, ಶುಕ್ರವಾರಗಳಿಗೆ ಅವನು ಎಲ್ಲಿಗೂ ಸೇರಿದವನಲ್ಲ. ಈ ಏಪ್ರಿಲ್‌ನಲ್ಲಿ ಇದೂ ಕೈಬಿಡುವ ಸೂಚನೆ ಕಂಡಿತ್ತು. ವರ್ನಾ ಸಾಸೇಜು ತೆಗೆದುಕೊಂಡಳು, ಕೈ ಮಾತ್ರ ಬೇಗ ಚಾಚಲಿಲ್ಲ. ಹೊಲ ಗುತ್ತಿಗೆಗೆ ಹಿಡಿದಿದ್ದ ಕರ್ವಿನ್ ಲೈಬಿ ತಕರಾರು ಮಾಡಿದ್ದಾನೆ ಎಂದಳು. ಒಂದೇ ಒಂದು ತೆರೆದ ಬಿಲ ಕಂಡರೂ ಅವನ ಅಕ್ಕನ ಮಕ್ಕಳು ಬಂದೂಕು ಹಿಡಿದು ಬರುತ್ತಾರಂತೆ, ಲಮಾರನಿಗೆ ಅಲ್ಲಿಗೆ ನಮಸ್ಕಾರವಂತೆ. "ಈ ವರ್ಷ ಒಂದು ನೋಡೋಣ," ಎಂದು ಕೈ ಕೊಟ್ಟಳು.

ಆದ್ದರಿಂದ ಪೇಪರು ಕಂಡ ಕೂಡಲೆ ಲಮಾರನ ಮನಸ್ಸಿಗೆ ಬಂದ ಹೆಸರು ಕರ್ವಿನ್. ಹುಡುಗರನ್ನು ಆಗಲೇ ಬಿಟ್ಟಿದ್ದಾನೆ. ಹೊಡೆಯುವವರು ಅವರು, ಹೆಸರು ಲಮಾರನದು, ಆಮೇಲೊಂದು ದಿನ ಗುಟ್ಟು ಒಡೆದು ಮುದುಕನನ್ನು ಓಡಿಸುತ್ತಾರೆ.

ಕರ್ವಿನ್ ಅವತ್ತು ಮೇಲಿನ ಬೇಲಿಯ ತಂತಿ ಬಿಗಿಯುತ್ತಿದ್ದ. ನಲವತ್ತೈದರ ದಪ್ಪನೆಯ ಆಳು, ಬಾಯಲ್ಲಿ ಮೊಳೆಗಳನ್ನು ಕಚ್ಚಿಕೊಂಡೇ ಮಾತಾಡುವವನು.

"ಏನ್ರೀ ಹೆಫ್ನರ್, ಈ ವರ್ಷ ಭಾರಿ ಗುರಿಯಂತೆ? ಹನ್ನೊಂದಕ್ಕೆ ಹನ್ನೊಂದಂತೆ!"

"ಯಾರು ಹೇಳಿದ್ದು?"

"ನೀವೇ. ಕ್ಷೌರದಂಗಡೀಲಿ. ಎರಡು ಸಲ."

ಲಮಾರ್ ಬೇಲಿಗೆ ಕೈಯೂರಿ ನಿಂತ. "ನೀನು ರೈತರ ಪೇಪರು ತರಿಸ್ತೀಯಲ್ವಾ?"

"ಇಲ್ಲಿ ಯಾರು ತರಿಸಲ್ಲ ಹೇಳಿ."

"ಓದಿದ್ಮೇಲೆ ಏನು ಮಾಡ್ತೀಯ?"

ಕರ್ವಿನ್ ಮೊಳೆಗಳನ್ನು ಬಾಯಿಂದ ತೆಗೆದು ಅಂಗೈಯಲ್ಲಿಟ್ಟುಕೊಂಡ. "ನನ್ನ ಹೆಂಡ್ತಿ ಕೋಳಿಗೂಡಿಗೆ ಹಾಸ್ತಾಳೆ. ಯಾಕೆ, ನಿಮಗೂ ಹಾಸಬೇಕಿತ್ತಾ?"

ಉತ್ತರ ತೀರ ತಯಾರಾಗಿತ್ತು ಎಂದು ಲಮಾರನಿಗೆ ಅನಿಸಿತು. ಪ್ರಾಮಾಣಿಕನಾದವನು ಒಂದು ಗಳಿಗೆಯಾದರೂ ಯೋಚಿಸುತ್ತಾನೆ.

"ಒಂದು ಹೇಳ್ತೀನಿ ಕೇಳಿ," ಎಂದ ಕರ್ವಿನ್. "ಹೋದ ವರ್ಷ ಹುಲ್ಲು ಕಟ್ಟೋ ಮೆಷೀನು ಬಿಲದಲ್ಲಿ ಇಳಿದು ಅಚ್ಚು ಮುರ್ಕೊಂಡಿತು. ಅದಕ್ಕೇ ಈ ಸಲ ದಿನಾ ಬೆಳಗ್ಗೆ ಬಂದು ನೋಡ್ತಿದೀನಿ. ಒಂದೂ ತೆರೆದಿಲ್ಲ. ನಿಮ್ಮ ವಯಸ್ಸಿಗೆ ಇದು... ನಂಗಂತೂ ನಂಬೋಕಾಗ್ತಿಲ್ಲಪ್ಪ."

"ನಂಬಬೇಡ," ಎಂದು ಲಮಾರ್ ಬಿರುಸಾಗಿ ಹೊರಟುಬಂದ.

ವರ್ನಾ ಜಗಲಿಯಲ್ಲಿ ಕೂತಿದ್ದಳು. ಬೇಟೆ ಮುಗಿಸಿ ಅಲ್ಲಿ ಅರ್ಧ ಗಂಟೆ ಕೂರುವುದು, ಅವಳು ಕೊಟ್ಟ ಕಾಕಂಬಿಯ ಪೈ ತಿಂದು ಅದರಲ್ಲೊಂದು ಕುಂದು ಹೇಳುವುದು ಕ್ಲೇಟನ್ನನ ಕಾಲದಿಂದ ಬಂದ ರೂಢಿ. ಲಮಾರ್ ತಟ್ಟೆ ಹಿಡಿದು ಕೊಟ್ಟಿಗೆಯ ಕಡೆ ನೋಡಿದ. ಅವಳ ನಾಲ್ಕು ಕಡಸುಗಳು ಒಳಗಿದ್ದವು. ಅರೆಬಾಗಿಲ ಮೇಲಿಂದ ನಾಲ್ಕು ಮೂತಿ ಕಾಣುತ್ತಿತ್ತು. ಜೂನ್ ತಿಂಗಳ ಹಸಿ ಹುಲ್ಲು ಹೊರಗೆ ಬಿದ್ದಿರುವಾಗ ಯಾರು ದನ ಕೂಡಿಹಾಕುತ್ತಾರೆ? ಹೋದ ಶುಕ್ರವಾರವೂ ಹೀಗೇ ಇತ್ತು. ಕರ್ವಿನ್ ಹುಲ್ಲುಗಾವಲಲ್ಲಿ ಬೋನು ಇಟ್ಟಿರಬೇಕು, ಇವಳಿಗೆ ಗೊತ್ತಿರಬೇಕು.

"ಕೆಳಗಿನ ಹೊಲಕ್ಕೆ ಯಾರಾದ್ರೂ ಬರ್ತಾರಾ ವರ್ನಾ?"

"ಯಾರು ಬರ್ತಾರೆ? ಯಾರೂ ಇಲ್ಲ," ಎಂದಳು ಅವಳು, ಅವನ ಮಾತು ಮುಗಿಯುವ ಮೊದಲೇ. ಆಮೇಲೆ, "ಪೈ ಹೇಗಿದೆ?"

"ತಳ ಸ್ವಲ್ಪ ಹಸಿ."

"ಸದ್ಯ," ಎಂದು ಅವಳು ಎದ್ದು ಒಳಗೆ ಹೋದಳು. ಆ 'ಸದ್ಯ' ಏನೆಂದು ಲಮಾರ್ ದಾರಿಯುದ್ದಕ್ಕೂ ಯೋಚಿಸಿದ. ಇವಳೂ ಕರ್ವಿನ್ನನ ಜೊತೆ ಸೇರಿದ್ದಾಳೆ ಎಂದುಕೊಂಡಾಗ ಅವನಿಗೆ ಸಿಟ್ಟಿಗಿಂತ ಸಂಕಟವೇ ಹೆಚ್ಚಾಯಿತು.

ಮುಂದಿನ ಮಂಗಳವಾರ ಅವನು ಉಪಾಯ ಹೂಡಿದ. ಎಂದಿನಂತೆ ಬೇಲಿಸಾಲಿನ ಕಾಡು ಚೆರ್ರಿ ಮರಕ್ಕೆ ಬೆನ್ನು ಕೊಟ್ಟು ಮಡಚುವ ಕುರ್ಚಿಯಲ್ಲಿ ಕೂತ. ಬಂದೂಕಿನ ದುರ್ಬೀನಿನ ಗಾಜು ಒರೆಸಿದ. ಈ ವರ್ಷ ಅದನ್ನು ಎಷ್ಟು ಒರೆಸಿದರೂ ಮಬ್ಬು ಬಿಡುತ್ತಿರಲಿಲ್ಲ. ಈಗಿನ ಕಂಪನಿಗಳು ಗಾಜು ಮಾಡುವುದೇ ಹೀಗೆ ಎಂದು ಬೈದುಕೊಂಡ. ಏಳು ಗಂಟೆಗೆ ಕಲ್ಲುಗುಪ್ಪೆಯ ಹತ್ತಿರ ಒಂದು ನೆಲಹಂದಿ ಎದ್ದು ನಿಂತಿತು. ಇನ್ನೂರು ಹೆಜ್ಜೆ ದೂರ. ಉಸಿರು ಬಿಗಿಹಿಡಿದು ಬಂದೂಕಿನ ಕುದುರೆ ಎಳೆದ. ಶಬ್ದ ಗುಡ್ಡಕ್ಕೆ ಬಡಿದು ಬರುವಷ್ಟರಲ್ಲಿ ಅಲ್ಲಿ ಏನೂ ಇರಲಿಲ್ಲ.

"ಬಿತ್ತು," ಎಂದ. ಹನ್ನೆರಡು.

ಬಿಲದ ಎರಡೂ ಬಾಯಿಗೆ ಬ್ಯೂಲಾ ಕಾಫಿಪುಡಿಯ ಕೂಪನ್ ಕತ್ತರಿಸಿದ್ದ ಹಾಳೆಗಳನ್ನು ಒದ್ದು ತುರುಕಿ ಮನೆಗೆ ಹೋದ. ಬುಧವಾರ ಸಂಜೆ ಮತ್ತೆ ಟೋಪಿ ಹಾಕಿಕೊಂಡ.

"ಎಲ್ಲಿಗೆ?" ಎಂದಳು ಬ್ಯೂಲಾ.

"ಚರ್ಚಿಗೆ. ಸಮಾಧಿಗಳ ಸುತ್ತ ಹುಲ್ಲು ಬೆಳೆದಿದೆ."

"ಕೊರಳಲ್ಲಿ ದುರ್ಬೀನು ಯಾಕೆ? ಸತ್ತೋರು ಎದ್ದು ಹೋಗ್ತಾರೇನೋ ಅಂತ ಕಾಯೋಕಾ?"

"ನಿಂಗೆ ಎಲ್ಲದರಲ್ಲೂ ಅನುಮಾನ ಕಣೇ."

"ಐವತ್ತು ವರ್ಷ ನಿನ್ನ ಜೊತೆ ಸಂಸಾರ ಮಾಡಿದೀನಲ್ಲ, ಅಂಟಿಕೊಂಡಿದೆ," ಎಂದು ಅವಳು ಕತ್ತರಿ ಎತ್ತಿಕೊಂಡಳು.

ಪಿಕಪ್ಪನ್ನು ಚರ್ಚಿನ ಹಿಂದೆ ನಿಲ್ಲಿಸಿ, ಹಳ್ಳದ ಜಾಡು ಹಿಡಿದು, ಮುಳ್ಳುಗುಲಾಬಿಯ ಪೊದೆಯ ಹಿಂದೆ ಅವನು ಹೊಟ್ಟೆ ಮೇಲೆ ಮಲಗಿದ. ಕಲ್ಲುಗುಪ್ಪೆಯ ಬಿಲ ಅಲ್ಲಿಂದ ಎಪ್ಪತ್ತು ಹೆಜ್ಜೆ. ಬಂದೂಕು ತಂದಿರಲಿಲ್ಲ. ಹಿಡಿಯಬೇಕಾದದ್ದು ಮನುಷ್ಯರನ್ನು.

ಬಿಸಿಲು ಓರೆಯಾಗಿತ್ತು. ಇರುವೆಗಳು ತೋಳು ಹತ್ತಿದವು. ಅರ್ಧ ಗಂಟೆಯ ಮೇಲೆ ಬಿಲದ ಬಾಯಲ್ಲಿದ್ದ ಬಿಳಿ ಉಂಡೆ ಅಲುಗಿತು. ಗಾಳಿ ಎಂದುಕೊಂಡ. ಗಾಳಿ ಇರಲಿಲ್ಲ. ಉಂಡೆ ಇನ್ನೊಂದು ಸಲ ಅಲುಗಿ, ಉರುಳಿ ಹೊರಗೆ ಬಿತ್ತು. ಹಿಂದೆಯೇ ಒಂದು ಕಂದು ಮೂತಿ, ಆಮೇಲೆ ಇಡೀ ಪ್ರಾಣಿ. ನಿನ್ನೆ ಸತ್ತ ನೆಲಹಂದಿ ಹಿಂಗಾಲ ಮೇಲೆ ನೆಟ್ಟಗೆ ನಿಂತು ಸಂಜೆಯ ಗಾಳಿ ಮೂಸಿತು. ಮೈಮೇಲೆ ಒಂದು ಗೀರೂ ಇರಲಿಲ್ಲ.

ಲಮಾರ್ ದುರ್ಬೀನು ಇಳಿಸಿ ಕಣ್ಣು ಉಜ್ಜಿಕೊಂಡ. ಮೊದಲು ಅವನು ಅನುಮಾನಪಟ್ಟದ್ದು ನೆಲಹಂದಿಯನ್ನೇ. ಇದು ಅದಲ್ಲ, ರಾತ್ರಿ ಬೇರೊಂದು ಒಳಹೊಕ್ಕಿರಬೇಕು. ಆದರೆ ಉಂಡೆ ಒಳಗಿನಿಂದ ಬಂದಿತ್ತು, ಇನ್ನೊಂದು ಬಾಯಿ ಮುಚ್ಚಿಯೇ ಇತ್ತು.

ಆಗ ಹಿತ್ತಿಲ ಗೇಟು ಕಿರುಗುಟ್ಟಿತು. ಪ್ರಾಣಿ ಬಿಲದೊಳಗೆ ಮಾಯವಾಯಿತು. ಬಂದವರು ಕರ್ವಿನ್ನನ ಹುಡುಗರಲ್ಲ. ಕೊಟ್ಟಿಗೆಯ ರಬ್ಬರ್ ಬೂಟು, ಹೂವಿನ ಏಪ್ರನ್ನು, ಒಂದು ಕೈಯಲ್ಲಿ ಬಕೆಟ್ಟು, ಇನ್ನೊಂದರಲ್ಲಿ ಕ್ಲೇಟನ್ನನ ಹಳೆಯ ಸಣ್ಣ ಬಂದೂಕು. ವರ್ನಾ ಸೀದಾ ಕಲ್ಲುಗುಪ್ಪೆಗೆ ಬಂದು, ಹೊರಗೆ ಬಿದ್ದಿದ್ದ ಪೇಪರನ್ನು ಬೂಟಿನ ತುದಿಯಿಂದ ತಿರುವಿ ನೋಡಿ ತಲೆಯಾಡಿಸಿದಳು. ಇಪ್ಪತ್ತು ಹೆಜ್ಜೆ ಹಿಂದೆ ಹೋಗಿ ಬಕೆಟ್ಟು ಬೋರಲು ಹಾಕಿ ಅದರ ಮೇಲೆ ಕೂತಳು. ಎಪ್ಪತ್ತರ ಹೆಂಗಸು, ಬಟಾಣಿ ಬಿಡಿಸಲು ಕೂತವಳಷ್ಟು ನಿರಾಳವಾಗಿ ಕಾಯತೊಡಗಿದಳು. ಕಾಲು ಗಂಟೆಯ ಮೇಲೆ ಮೂತಿ ಮತ್ತೆ ಬಂತು. ಸಣ್ಣ ಬಂದೂಕು ಚಟ್ ಎಂದಿತು. ಪ್ರಾಣಿ ಬಿಲದ ಬಾಯಲ್ಲೇ ಮಗುಚಿತು. ಅವಳು ಅದನ್ನು ಬಾಲ ಹಿಡಿದೆತ್ತಿ ಬಕೆಟ್ಟಿಗೆ ಹಾಕಿದಳು. ಲಮಾರನ ಹರಿದ ಹಾಳೆಯನ್ನು ಏಪ್ರನ್ನಿನ ಜೇಬಿಗೆ ತುರುಕಿ, ಅದೇ ಜೇಬಿನಿಂದ ಬೇರೆ ಪೇಪರು ತೆಗೆದು, ಅಚ್ಚುಕಟ್ಟಾಗಿ ತಿರುಚಿ ಬಿಲ ಮುಚ್ಚಿ, ಕೈ ಒರೆಸಿಕೊಂಡು ಹೋದಳು.

ಲಮಾರ್ ಪೊದೆಯ ಹಿಂದೆ ಬಹಳ ಹೊತ್ತು ಮಲಗಿಯೇ ಇದ್ದ. ನಾಚಿಕೆಯಾಯಿತು. ಪಾದ್ರಿಗೆ ಹೇಳಿದ್ದು ನೆನಪಾಗಿ ಕಿವಿ ಬಿಸಿಯಾಯಿತು. ಅವಳ ಮೇಲೆ ಸಿಟ್ಟೂ ಬಂತು, ಕೇಳಿದ್ದು ಯಾರು ಇವಳನ್ನು ಎಂದು. ಗಾಜು ಮಬ್ಬಾಗಿರಲಿಲ್ಲ. ಮೂವತ್ತೆಂಟು ವರ್ಷ ಊರಿನ ತಪ್ಪು ಹುಡುಕಿದ ಕಣ್ಣಿನಲ್ಲೇ ಎಳೆ ಬಿಟ್ಟಿತ್ತು, ಅದೊಂದನ್ನೇ ಅವನು ನೋಡಿರಲಿಲ್ಲ.

ಶುಕ್ರವಾರ ಆರು ಗಂಟೆಗೆ ಅವನು ಎಂದಿನಂತೆ ಬಂದ. ಬಂದೂಕು ಪಿಕಪ್ಪಿನಲ್ಲೇ ಇತ್ತು. ಹೊಲದ ಕಡೆ ಹೋಗದೆ ಜಗಲಿ ಹತ್ತಿ, ದಾರ ಕಟ್ಟಿದ ಪೇಪರಿನ ಕಟ್ಟೊಂದನ್ನು ವರ್ನಾಳ ಮುಂದೆ ಇಟ್ಟ.

"ಇದೇನಿದು?"

"ಪೇಪರು. ನಿಂಗೆ ಬೇಕಾಗುತ್ತಲ್ಲ."

ಅವಳು ಮೇಲಿನ ಹಾಳೆ ಎತ್ತಿದಳು. ಬ್ಯೂಲಾ ಕತ್ತರಿಸಿದ ಚೌಕದ ಮೂಲಕ ಅವಳಿಗೆ ಅವನ ಮುಖ ಕಂಡಿತು. ಹಾಳೆ ನಿಧಾನವಾಗಿ ಕೆಳಗಿಳಿಯಿತು.

"ಕೂಪನ್ನು," ಎಂದಳು. "ಅಯ್ಯೋ, ಅದು ನನ್ನ ತಲೆಗೇ ಹೊಳೀಲಿಲ್ಲ ನೋಡು."

"ಇನ್ನು ಮೇಲೆ ನನ್ನದೇ ಹಾಕು. ಗೊತ್ತಾಗಲ್ಲ."

"ಯಾವತ್ತು ನೋಡಿದೆ?"

"ಬುಧವಾರ. ಮುಳ್ಳುಗುಲಾಬಿ ಹಿಂದೆ ಇದ್ದೆ."

"ನಿನ್ನ ಟೋಪಿ ಕಾಣ್ತಿತ್ತು. ಕರ್ವಿನ್ ಮರೆತು ಹೋದ ಟೋಪಿ ಅಂದ್ಕೊಂಡೆ," ಎಂದಳು. ಕೊಟ್ಟಿಗೆಯಲ್ಲಿ ಒಂದು ಕಡಸು ಕೂಗಿತು.

"ಕಡಸುಗಳನ್ನ ಯಾಕೆ ಕೂಡಿಹಾಕ್ತೀಯ?" ಎಂದ ಲಮಾರ್.

ಅವಳು ಕೈಯಲ್ಲಿದ್ದ ಹಾಳೆಯನ್ನು ಮಡಿಸಿದಳು, ಬಿಡಿಸಿದಳು, ಮತ್ತೆ ಮಡಿಸಿದಳು.

"ಮಂಗಳವಾರ, ಶುಕ್ರವಾರ ಮಾತ್ರ," ಎಂದಳು ಕೊನೆಗೆ. "ಮೇ ತಿಂಗಳಲ್ಲಿ ನಿನ್ನ ಗುಂಡು ನೀರಿನ ತೊಟ್ಟಿಗೆ ತಾಗಿತ್ತು. ನನ್ನ ಕಡಸು ಕೆಂಪಿ ಅಲ್ಲೇ ನಿಂತಿದ್ಲು."

ಬೋನಲ್ಲ, ಕರ್ವಿನ್ನನೂ ಅಲ್ಲ. ಕಡಸುಗಳನ್ನು ಒಳಗೆ ಹಾಕಿದ್ದು ಅವನಿಗಾಗಿ. ಲಮಾರ್ ಜಗಲಿಯ ಕಂಬ ಹಿಡಿದು ಕೂತ. ಬೇರೆ ಯಾರಾದರೂ ಆಗಿದ್ದರೆ ಮಾರನೆಯ ದಿನವೇ ಬಾಗಿಲು ಮುಚ್ಚುತ್ತಿದ್ದರು, ಮುಚ್ಚಬೇಕಾದದ್ದೇ.

"ಅವತ್ತೇ ಹೇಳಬಾರದಾಗಿತ್ತಾ? ಕರ್ವಿನ್ ಹುಡುಗರನ್ನ ಬಿಟ್ಟುಕೊಂಡಿದ್ರೆ ನಿಂಗೆ ಈ ಪಾಡು ಇರ್ತಿರಲಿಲ್ಲ."

"ಆ ಹುಡುಗರು ಬಂದ್ರೆ ಹೊಡೀತಾರೆ, ಹೋಗ್ತಾರೆ. ಜಗಲೀಲಿ ಕೂರ್ತಾರಾ? ಕ್ಲೇಟನ್ ಹೋದ್ಮೇಲೆ ನನ್ನ ಪೈ ತಿಂದು ಚೆನ್ನಾಗಿದೆ ಅನ್ನೋರೇ ಎಲ್ಲಾ. ಪಾಪ ವಿಧವೆ ಅಂತ. ನಿಜ ಹೇಳೋನು ನೀನೊಬ್ಬನೇ. ವಾರಕ್ಕೆ ಎರಡು ದಿನ ಅದು ಬೇಕು ನಂಗೆ." ಅವಳು ಹಾಳೆಯನ್ನು ಕಟ್ಟಿನ ಮೇಲಿಟ್ಟಳು. "ಹೇಳಿದ್ರೆ ನೀನು ಬರ್ತಿರಲಿಲ್ಲ. ಅದಕ್ಕೇ ಹೇಳಲಿಲ್ಲ."

ಲಮಾರ್ ಎದ್ದು ಪಿಕಪ್ಪಿಗೆ ಹೋದ. ಬಂದೂಕನ್ನು ಚೀಲದೊಳಗೆ ಹಾಕಿ ಪಟ್ಟಿ ಬಿಗಿದು, ಬರೀ ಮಡಚುವ ಕುರ್ಚಿ ತೆಗೆದುಕೊಂಡು ಬಂದ. ಜಗಲಿಯ ಕೆಳಗೆ ನಿಂತು, ಟೋಪಿ ತೆಗೆದು, ಏಪ್ರಿಲ್‌ನಲ್ಲಿ ನಿಲ್ಲುವ ಹಾಗೆ ನಿಂತ.

"ವರ್ನಾ, ನಿನ್ನ ಹೊಲದಲ್ಲಿ ಪೇಪರು ತುರುಕೋಕೆ ಒಬ್ಬ ಆಳು ಬೇಕಾ? ಹೊಡೆಯೋದು ನೀನು."

ವರ್ನಾ ಕ್ಲೇಟನ್ನನ ಹಾಗೆಯೇ ಆಕಾಶ ನೋಡಿದಳು. ಆಮೇಲೆ ಕೈ ಚಾಚಿದಳು. "ಮೊದಲು ಕಡಸುಗಳನ್ನ ಹೊರಗೆ ಬಿಡು," ಎಂದಳು.

ಅರೆಬಾಗಿಲು ತೆರೆದಾಗ ನಾಲ್ಕೂ ಅವನನ್ನು ತಳ್ಳಿಕೊಂಡೇ ಹುಲ್ಲಿಗೆ ಓಡಿದವು. ಅವಳು ಬಕೆಟ್ಟು, ಸಣ್ಣ ಬಂದೂಕು ಹಿಡಿದು ಮುಂದೆ, ಅವನು ಕುರ್ಚಿ, ಪೇಪರು ಹಿಡಿದು ಹಿಂದೆ, ಬೇಲಿಸಾಲಿನ ಪಕ್ಕ ಇಳಿದರು. ಅರ್ಧ ದಾರಿಯಲ್ಲಿ ಅವನು ತಡೆಯಲಾರದೆ ಕೇಳಿಯೇಬಿಟ್ಟ.

"ಹನ್ನೆರಡರಲ್ಲಿ ನನ್ನವು ಎಷ್ಟು?"

"ನಾಲ್ಕು," ಎಂದಳು ಅವಳು, ತಿರುಗಿ ನೋಡದೆ.

ಉತ್ತರ ತೀರ ಬೇಗ ಬಂದಿತ್ತು. ಎರಡಿರಬೇಕು, ಬಹಳವೆಂದರೆ ಮೂರು. ಲಮಾರನಿಗೆ ಆ ಎಳೆ ಬಿಟ್ಟ ಜಾಗ ಸ್ಪಷ್ಟವಾಗಿ ಕಂಡಿತು. ಅವನು ಅದರೊಳಗೆ ಮುಷ್ಟಿ ತೂರಿಸಿ ಎಳೆದು ನೋಡಲಿಲ್ಲ.

"ನಾಲ್ಕು," ಎಂದು ಒಪ್ಪಿಕೊಂಡು ಅವಳ ಹಿಂದೆ ನಡೆದ. ತಪ್ಪು ಕಂಡೂ ಅವನು ಬಿಟ್ಟುಕೊಟ್ಟ ಮೊದಲ ಮಾಲು ಅದು.